ಮೇಜು, ಕೋಣೆ, ಪೊಲೀಸ್ ಬಿಲ್: ಅಮೆರಿಕದ ಕ್ಯಾಂಪಸ್‌ನಲ್ಲಿ ಕನ್ಸರ್ವೇಟಿವ್ ಕ್ಲಬ್ ನಡೆದು ಬಂದ ದಾರಿ

1964ರ ಸೆಪ್ಟೆಂಬರ್ 14. ಕ್ಯಾಲಿಫೋರ್ನಿಯಾದ ಬರ್ಕ್ಲಿ ವಿಶ್ವವಿದ್ಯಾಲಯದ ಡೀನ್ ಕ್ಯಾಥರೀನ್ ಟೌಲ್ ವಿದ್ಯಾರ್ಥಿ ಸಂಘಟನೆಗಳಿಗೆ ಒಂದು ಪತ್ರ ಕಳಿಸಿದರು. ಬ್ಯಾಂಕ್ರಾಫ್ಟ್ ಮತ್ತು ಟೆಲಿಗ್ರಾಫ್ ರಸ್ತೆಗಳು ಕೂಡುವ ಕಡೆ, ಕ್ಯಾಂಪಸ್ಸಿನ ಬಾಗಿಲಲ್ಲೇ ಒಂದು ಸಣ್ಣ ಇಟ್ಟಿಗೆ ಹಾಸಿನ ಜಾಗ ಇತ್ತು. ಅಲ್ಲಿ ಹುಡುಗರು ಮೇಜು ಹಾಕಿಕೊಂಡು ಕರಪತ್ರ ಹಂಚುತ್ತಿದ್ದರು, ಚಂದಾ ಎತ್ತುತ್ತಿದ್ದರು. ಇನ್ನು ಮುಂದೆ ಅಲ್ಲಿ ರಾಜಕೀಯದ ಮೇಜು ಹಾಕುವಂತಿಲ್ಲ ಅನ್ನುವುದು ಪತ್ರದ ಸಾರ.

ಮುಂದೆ ಆದದ್ದು ಬಹಳ ಜನಕ್ಕೆ ಗೊತ್ತು. ಅಕ್ಟೋಬರ್ 1ರಂದು ಈ ನಿಷೇಧ ಮೀರಿದ ಜ್ಯಾಕ್ ವೈನ್‌ಬರ್ಗ್ ಎಂಬ ಯುವಕನನ್ನು ಪೊಲೀಸರು ಕಾರಿನೊಳಗೆ ಕೂರಿಸಿದರು. ವಿದ್ಯಾರ್ಥಿಗಳು ಆ ಕಾರಿನ ಸುತ್ತ ಕೂತುಬಿಟ್ಟರು. ಸುಮಾರು 32 ಗಂಟೆ ಕಾರು ಅಲ್ಲಾಡಲಿಲ್ಲ. ವಾಕ್ ಸ್ವಾತಂತ್ರ್ಯ ಚಳವಳಿ ಹುಟ್ಟಿದ್ದು ಹೀಗೆ. ಅದನ್ನು ಎಡಪಂಥದ ಚಳವಳಿ ಎಂದೇ ಎಲ್ಲರೂ ನೆನೆಯುತ್ತಾರೆ. ಆದರೆ ಆ ಪತ್ರದಿಂದ ಮೇಜು ಕಳಕೊಂಡವರಲ್ಲಿ ಬ್ಯಾರಿ ಗೋಲ್ಡ್‌ವಾಟರ್ ಅವರ ಬೆಂಬಲಿಗರೂ ಇದ್ದರು. ಆ ವರ್ಷ ಗೋಲ್ಡ್‌ವಾಟರ್ ರಿಪಬ್ಲಿಕನ್ ಪಕ್ಷದ ಅಧ್ಯಕ್ಷೀಯ ಅಭ್ಯರ್ಥಿ, ಬಲಪಂಥದ ನಾಯಕ. ಕಪ್ಪು ಜನರ ನಾಗರಿಕ ಹಕ್ಕುಗಳಿಗಾಗಿ ದುಡಿಯುತ್ತಿದ್ದ ಹುಡುಗರೂ ಗೋಲ್ಡ್‌ವಾಟರ್ ಹುಡುಗರೂ ಒಂದೇ ಒಕ್ಕೂಟದಲ್ಲಿ ಸೇರಿ ಆ ನಿಷೇಧವನ್ನು ವಿರೋಧಿಸಿದ್ದರು. ನನಗೆ ಈ ವಿಷಯ ಬಹಳ ಮುಖ್ಯ. ಯಾಕೆಂದರೆ ಅಮೆರಿಕದ ಕ್ಯಾಂಪಸ್‌ನಲ್ಲಿ ಇವತ್ತು ಒಂದು ಕನ್ಸರ್ವೇಟಿವ್, ಅಂದರೆ ಬಲಪಂಥೀಯ, ಕ್ಲಬ್ ನಡೆಸುವವರಿಗೆ ಇರುವ ರಕ್ಷಣೆಯಲ್ಲಿ ದೊಡ್ಡ ಪಾಲು ಬಂದದ್ದು ಅವರ ಎದುರಾಳಿಗಳು ಹೂಡಿದ ಜಗಳಗಳಿಂದ.

ಸ್ವಲ್ಪ ಹಿಂದಕ್ಕೆ ಹೋಗೋಣ. ಕ್ಯಾಂಪಸ್‌ನಲ್ಲಿ ರಿಪಬ್ಲಿಕನ್ ಕ್ಲಬ್‌ಗಳು ಹೊಸತೇನಲ್ಲ. ಹಾರ್ವರ್ಡ್‌ನ ಕ್ಲಬ್ 1888ರದ್ದು. ಕಾಲೇಜ್ ರಿಪಬ್ಲಿಕನ್ಸ್ ತನ್ನ ಹುಟ್ಟನ್ನು 1892ರ ಮಿಷಿಗನ್ ವಿಶ್ವವಿದ್ಯಾಲಯಕ್ಕೆ ಕೊಂಡೊಯ್ಯುತ್ತದೆ. ಆದರೆ ಇವು ಪಕ್ಷದ ಕ್ಲಬ್‌ಗಳು. ಚುನಾವಣೆ ಬಂದಾಗ ಮನೆ ಮನೆ ಬಾಗಿಲು ತಟ್ಟುವುದು, ಅಭ್ಯರ್ಥಿಯನ್ನು ಕರೆಸುವುದು, ಇಷ್ಟೇ ಕೆಲಸ. 1965ರಲ್ಲಿ ವೆಲ್ಸ್ಲಿ ಕಾಲೇಜಿನ ಯಂಗ್ ರಿಪಬ್ಲಿಕನ್ಸ್ ಅಧ್ಯಕ್ಷೆಯಾಗಿದ್ದ ಹುಡುಗಿಯ ಹೆಸರು ಹಿಲರಿ ರಾಡಮ್. ಹೌದು, ಮುಂದೆ ಹಿಲರಿ ಕ್ಲಿಂಟನ್ ಆದವರೇ! ಪಕ್ಷದ ಕ್ಲಬ್ ಸೇರುವುದಕ್ಕೂ ಒಂದು ಸಿದ್ಧಾಂತಕ್ಕೆ ಕಟ್ಟುಬೀಳುವುದಕ್ಕೂ ಆಗ ಎಷ್ಟು ಅಂತರ ಇತ್ತು ಅನ್ನುವುದು ಇದರಿಂದಲೇ ತಿಳಿಯುತ್ತದೆ.

ಸಿದ್ಧಾಂತದ ಕ್ಲಬ್ ಬಂದದ್ದು ಬೇರೆ ದಾರಿಯಲ್ಲಿ. ಯೇಲ್‌ನಲ್ಲಿ ಓದಿದ ವಿಲಿಯಂ ಬಕ್ಲಿ 1951ರಲ್ಲಿ ತಮ್ಮ ವಿಶ್ವವಿದ್ಯಾಲಯದ ಮೇಲೇ ಒಂದು ಪುಸ್ತಕ ಬರೆದರು. ಅಲ್ಲಿನ ಮೇಷ್ಟ್ರುಗಳು ದೇವರನ್ನೂ ಮುಕ್ತ ಮಾರುಕಟ್ಟೆಯನ್ನೂ ಕೀಳಾಗಿ ಕಾಣುತ್ತಾರೆ ಅನ್ನುವುದು ಅವರ ದೂರು. ಎರಡು ವರ್ಷದ ನಂತರ ಲೇಖಕ ಫ್ರಾಂಕ್ ಚೊಡೊರೊವ್ ವಿದ್ಯಾರ್ಥಿಗಳಿಗಾಗಿ ಒಂದು ಓದಿನ ಸಂಸ್ಥೆ ಕಟ್ಟಿದಾಗ ಅದರ ಮೊದಲ ಅಧ್ಯಕ್ಷ ಬಕ್ಲಿಯೇ. 1960ರ ಸೆಪ್ಟೆಂಬರ್‌ನಲ್ಲಿ ಕನೆಕ್ಟಿಕಟ್‌ನ ಶರೋನ್ ಊರಿನ ಬಕ್ಲಿ ಮನೆತನದ ಬಂಗಲೆಯಲ್ಲಿ ನೂರರ ಆಸುಪಾಸು ಯುವಜನ ಸೇರಿದರು. ಪತ್ರಕರ್ತ ಎಂ. ಸ್ಟ್ಯಾಂಟನ್ ಎವಾನ್ಸ್ ಕರಡು ಮಾಡಿದ ಒಂದು ಚಿಕ್ಕ ಹೇಳಿಕೆಗೆ ಒಪ್ಪಿಗೆ ಕೊಟ್ಟರು: ವ್ಯಕ್ತಿಗೆ ಸ್ವಾತಂತ್ರ್ಯ, ಸರ್ಕಾರಕ್ಕೆ ಮಿತಿ, ಮಾರುಕಟ್ಟೆಗೆ ಬಿಡುಗಡೆ, ಕಮ್ಯುನಿಸಂಗೆ ಸೋಲು. ಯಂಗ್ ಅಮೆರಿಕನ್ಸ್ ಫಾರ್ ಫ್ರೀಡಂ ಹುಟ್ಟಿದ್ದು ಅಲ್ಲಿ. 1962ರ ಮಾರ್ಚ್‌ನಲ್ಲಿ ನ್ಯೂಯಾರ್ಕಿನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್‌ನಲ್ಲಿ ಇವರು ಸಭೆ ಕರೆದರೆ 18,000 ಜನ ಬಂದರು.

ಒಳಜಗಳವೂ ಬೇಗ ಬಂತು. 1969ರಲ್ಲಿ ಇದೇ ಸಂಘಟನೆಯ ಸೇಂಟ್ ಲೂಯಿಸ್ ಸಮಾವೇಶದಲ್ಲಿ ಕಡ್ಡಾಯ ಸೇನಾ ಸೇವೆಯ ಮೇಲೆ ಮಾತಿಗೆ ಮಾತು ಬೆಳೆಯಿತು. ಒಬ್ಬ ತನ್ನ ಡ್ರಾಫ್ಟ್ ಕಾರ್ಡಿಗೆ, ಅಂದರೆ ಆ ಸೇವೆಯ ನೋಂದಣಿ ಚೀಟಿಗೆ, ಬೆಂಕಿ ಹಚ್ಚಿದ. ಸರ್ಕಾರ ಚಿಕ್ಕದಿರಲಿ ಅನ್ನುವವರು ಯುದ್ಧಕ್ಕೆ ಜನರನ್ನು ಬಲವಂತವಾಗಿ ಕಳಿಸುವುದನ್ನು ಒಪ್ಪಬೇಕಾ ಅನ್ನುವ ಪ್ರಶ್ನೆಯಲ್ಲಿ, ವ್ಯಕ್ತಿ ಸ್ವಾತಂತ್ರ್ಯವೇ ಮೊದಲು ಅನ್ನುವ ಲಿಬರ್ಟೇರಿಯನ್ನರೂ ಸಂಪ್ರದಾಯವಾದಿಗಳೂ ಬೇರೆಯಾದರು. 1973ರಲ್ಲಿ ಕಾಲೇಜ್ ರಿಪಬ್ಲಿಕನ್ಸ್ ಅಧ್ಯಕ್ಷ ಸ್ಥಾನಕ್ಕೆ ಕಾರ್ಲ್ ರೋವ್, ರಾಬರ್ಟ್ ಎಜ್‌ವರ್ತ್ ಇಬ್ಬರೂ ನಾನೇ ಗೆದ್ದೆ ಅಂದರು. ಆಗ ಪಕ್ಷದ ರಾಷ್ಟ್ರೀಯ ಸಮಿತಿಯ ಅಧ್ಯಕ್ಷರಾಗಿದ್ದ ಜಾರ್ಜ್ ಎಚ್. ಡಬ್ಲ್ಯೂ. ಬುಷ್ ರೋವ್ ಕಡೆ ತೀರ್ಪು ಕೊಟ್ಟರು. ಕ್ಲಬ್ ಅಂದರೆ ಸುಮ್ನೆ ಕಾಲೇಜಿನ ಆಟ ಅಲ್ಲ ಅನ್ನುವುದಕ್ಕೆ ರೋವ್ ಮುಂದೆ ಏನಾದರು ಅನ್ನುವುದೇ ಸಾಕು. ಆ ಬುಷ್ ಅವರ ಮಗನನ್ನು ಎರಡು ಸಲ ಶ್ವೇತಭವನಕ್ಕೆ ಗೆಲ್ಲಿಸಿದ ತಂತ್ರಗಾರ ಅವರೇ.

ಈಗ ಕೋಣೆಯ ವಿಷಯ. ಒಂದು ಕ್ಲಬ್‌ಗೆ ವಿಶ್ವವಿದ್ಯಾಲಯದ ಮಾನ್ಯತೆ ಸಿಕ್ಕರೆ ಕೋಣೆ ಸಿಗುತ್ತದೆ, ನೋಟಿಸ್ ಬೋರ್ಡ್ ಸಿಗುತ್ತದೆ, ಹಣ ಕೇಳುವ ಅವಕಾಶ ಸಿಗುತ್ತದೆ. ಮಾನ್ಯತೆ ಇಲ್ಲದಿದ್ದರೆ ಏನೂ ಇಲ್ಲ. 1969ರಲ್ಲಿ ಸೆಂಟ್ರಲ್ ಕನೆಕ್ಟಿಕಟ್ ಸ್ಟೇಟ್ ಕಾಲೇಜಿನ ಕೆಲವು ವಿದ್ಯಾರ್ಥಿಗಳು ಸ್ಟೂಡೆಂಟ್ಸ್ ಫಾರ್ ಎ ಡೆಮಾಕ್ರಟಿಕ್ ಸೊಸೈಟಿ ಎಂಬ ಎಡಪಂಥೀಯ ಸಂಘಟನೆಯ ಶಾಖೆ ತೆರೆಯಲು ಹೊರಟರು. ಕಾಲೇಜಿನ ಅಧ್ಯಕ್ಷರು ಒಪ್ಪಲಿಲ್ಲ. ದೇಶದ ಬೇರೆ ಕಡೆ ಆ ಸಂಘಟನೆ ಗಲಾಟೆ ಮಾಡಿತ್ತು ಅನ್ನುವ ಭಯ. ಹುಡುಗರು ಕ್ಯಾಂಪಸ್ಸಿನ ಕಾಫಿ ಅಂಗಡಿಯಲ್ಲಿ ಕೂತು ಮುಂದೇನು ಎಂದು ಮಾತಾಡುತ್ತಿದ್ದರೆ ಅಲ್ಲಿಂದಲೂ ಎಬ್ಬಿಸಿದರು. ಮಾನ್ಯತೆ ಇಲ್ಲದ ಗುಂಪಿಗೆ ಕಾಫಿ ಅಂಗಡಿಯ ಮೇಜೂ ಇಲ್ಲ!

ಕೇಸು ಸುಪ್ರೀಂ ಕೋರ್ಟಿಗೆ ಹೋಯಿತು. 1972ರ ಹೀಲಿ ವರ್ಸಸ್ ಜೇಮ್ಸ್ ತೀರ್ಪು ಇದೇ. ಒಂದು ಗುಂಪಿನ ಅಭಿಪ್ರಾಯ ಹಿಡಿಸಲಿಲ್ಲ ಎಂದು ಸರ್ಕಾರಿ ಕಾಲೇಜು ಮಾನ್ಯತೆ ನಿರಾಕರಿಸುವಂತಿಲ್ಲ, ಗುಂಪು ತರಗತಿ ಕೆಡಿಸುತ್ತದೆ ಅಥವಾ ಸಮಂಜಸ ನಿಯಮಗಳನ್ನು ಪಾಲಿಸುವುದಿಲ್ಲ ಅನ್ನುವುದನ್ನು ಕಾಲೇಜೇ ತೋರಿಸಬೇಕು ಎಂದು ಕೋರ್ಟ್ ಹೇಳಿತು. ತೀರ್ಪು ಬರೆದವರು ನ್ಯಾಯಮೂರ್ತಿ ಲೂಯಿಸ್ ಪೊವೆಲ್. ಇದೇ ಪೊವೆಲ್ ಹಿಂದಿನ ವರ್ಷ, 1971ರಲ್ಲಿ, ಇನ್ನೂ ವಕೀಲರಾಗಿದ್ದಾಗ, ಅಮೆರಿಕದ ವಾಣಿಜ್ಯ ಮಂಡಳಿಗೆ ಒಂದು ಗುಪ್ತ ಟಿಪ್ಪಣಿ ಬರೆದಿದ್ದರು. ಮುಕ್ತ ಉದ್ಯಮದ ಮೇಲೆ ದಾಳಿ ಶುರುವಾಗುವುದೇ ಕ್ಯಾಂಪಸ್‌ಗಳಲ್ಲಿ, ಅಲ್ಲಿ ನಮ್ಮವರ ಮಾತಿಗೂ ಸಮಾನ ಜಾಗ ಕೇಳಬೇಕು ಅನ್ನುವುದು ಅದರ ಒಂದು ಭಾಗ. ಹಾಗೆ ಯೋಚಿಸುವ ಮನುಷ್ಯ ನ್ಯಾಯಪೀಠದಲ್ಲಿ ಕೂತು ಎಡಪಂಥದ ಹುಡುಗರಿಗೆ ಕೋಣೆಯ ದಾರಿ ತೆರೆದರು. ಇವತ್ತು ಯಾವುದೇ ಸರ್ಕಾರಿ ವಿಶ್ವವಿದ್ಯಾಲಯದ ಕನ್ಸರ್ವೇಟಿವ್ ಕ್ಲಬ್‌ಗೆ ಮಾನ್ಯತೆ ತಡೆದರೆ ಅವರ ವಕೀಲರು ಮೊದಲು ಎತ್ತಿ ಹಿಡಿಯುವುದು ಈ ತೀರ್ಪನ್ನೇ. ನನ್ನ ಪ್ರಕಾರ ಇದಕ್ಕಿಂತ ಗೌರವದ ಘಟನೆ ಈ ಇಡೀ ಇತಿಹಾಸದಲ್ಲಿ ಇನ್ನೊಂದಿಲ್ಲ. ಒಂದು ಮಾತು ನೆನಪಿರಲಿ. ಇದೆಲ್ಲ ಸರ್ಕಾರಿ ವಿಶ್ವವಿದ್ಯಾಲಯಗಳ ಮಾತು. ಖಾಸಗಿ ವಿಶ್ವವಿದ್ಯಾಲಯವನ್ನು ವಾಕ್ ಸ್ವಾತಂತ್ರ್ಯ ಕಾಯುವ ಅಮೆರಿಕದ ಸಂವಿಧಾನದ ಮೊದಲ ತಿದ್ದುಪಡಿ ನೇರವಾಗಿ ಕಟ್ಟಿಹಾಕುವುದಿಲ್ಲ.

ಆಮೇಲೆ ದುಡ್ಡು. ಪ್ರತಿ ವಿದ್ಯಾರ್ಥಿಯಿಂದ ಕಡ್ಡಾಯವಾಗಿ ವಸೂಲಿ ಮಾಡುವ ಚಟುವಟಿಕೆ ಶುಲ್ಕವನ್ನು ಕ್ಲಬ್‌ಗಳಿಗೆ ಹಂಚುತ್ತಾರೆ. ಹಂಚುವುದು ಸಾಮಾನ್ಯವಾಗಿ ವಿದ್ಯಾರ್ಥಿ ಸರ್ಕಾರ. ಅಲ್ಲಿ ಬಹುಮತ ಯಾರದೋ ಅವರಿಗೆ ಇಷ್ಟವಾಗದ ಕ್ಲಬ್‌ನ ಗತಿ ಏನು? ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಮ್ಯಾಡಿಸನ್ ಕ್ಯಾಂಪಸ್‌ನಲ್ಲಿ ಕೆಲವು ಕನ್ಸರ್ವೇಟಿವ್ ಕಾನೂನು ವಿದ್ಯಾರ್ಥಿಗಳು 1996ರಲ್ಲಿ ಉಲ್ಟಾ ಪ್ರಶ್ನೆ ಕೇಳಿದರು: ನಾವು ಒಪ್ಪದ ಗುಂಪುಗಳಿಗೆ ನಮ್ಮ ದುಡ್ಡು ಯಾಕೆ ಹೋಗಬೇಕು? ವರ್ಷಕ್ಕೆ 331.50 ಡಾಲರ್ ಶುಲ್ಕ ಅದು. 2000ದಲ್ಲಿ ಸುಪ್ರೀಂ ಕೋರ್ಟ್ ಒಮ್ಮತದಿಂದ ವಿಶ್ವವಿದ್ಯಾಲಯದ ಪರ ನಿಂತಿತು. ಆದರೆ ಜೊತೆಗೆ ಒಂದು ಷರತ್ತು ಹಾಕಿತು. ಶುಲ್ಕ ವಸೂಲಿ ಮಾಡಿ, ಹಂಚುವಾಗ ಮಾತ್ರ ಯಾವ ಅಭಿಪ್ರಾಯಕ್ಕೂ ಪಕ್ಷಪಾತ ಮಾಡಬೇಡಿ, ಅಭಿಪ್ರಾಯದ ವಿಷಯವನ್ನು ಬಹುಮತದ ವೋಟಿಗೆ ಬಿಡುವುದೂ ಸರಿಯಲ್ಲ ಅಂದಿತು. ಅದಕ್ಕೂ ಐದು ವರ್ಷ ಹಿಂದೆ, 1995ರಲ್ಲಿ, ವರ್ಜೀನಿಯಾ ವಿಶ್ವವಿದ್ಯಾಲಯದ ಕ್ರೈಸ್ತ ವಿದ್ಯಾರ್ಥಿ ಪತ್ರಿಕೆಯೊಂದು 5,862 ಡಾಲರ್ ಮುದ್ರಣ ವೆಚ್ಚಕ್ಕಾಗಿ ಹೋರಾಡಿ ಇದೇ ಕೋರ್ಟಿನಲ್ಲಿ ನ್ಯಾಯಮೂರ್ತಿಗಳ 5–4 ಬಹುಮತದಿಂದ ಗೆದ್ದಿತ್ತು, ಆ ತತ್ವವೇ ಇಲ್ಲೂ ಮುಂದುವರಿಯಿತು. ಮ್ಯಾಡಿಸನ್ ಹುಡುಗರು ಕೇಸು ಸೋತರು. ಆದರೆ ಅವರು ಸೋತ ಆ ತೀರ್ಪಿನ ಒಂದು ಸಾಲೇ ನಂತರದ ಎಷ್ಟೋ ಕ್ಲಬ್‌ಗಳ ಖಜಾಂಚಿಗಳಿಗೆ ಆಸರೆ.

2010ರಲ್ಲಿ ಇನ್ನೊಂದು ತಿರುವು. ಸ್ಯಾನ್ ಫ್ರಾನ್ಸಿಸ್ಕೋದ ಹೇಸ್ಟಿಂಗ್ಸ್ ಕಾನೂನು ಕಾಲೇಜು, ಮಾನ್ಯತೆ ಬೇಕಾದರೆ ಕ್ಲಬ್ಬಿನ ಸದಸ್ಯತ್ವವೂ ಪದಾಧಿಕಾರಿ ಸ್ಥಾನವೂ ಎಲ್ಲರಿಗೂ ತೆರೆದಿರಬೇಕು ಅಂತ ನಿಯಮ ಮಾಡಿತ್ತು. ಕ್ರಿಶ್ಚಿಯನ್ ಲೀಗಲ್ ಸೊಸೈಟಿ ಎಂಬ ಅಲ್ಲಿನ ಕ್ರೈಸ್ತ ವಿದ್ಯಾರ್ಥಿಗಳ ಕ್ಲಬ್ ಅದನ್ನು ಪ್ರಶ್ನಿಸಿ ಸುಪ್ರೀಂ ಕೋರ್ಟಿನಲ್ಲಿ 5–4ರಲ್ಲಿ ಸೋತಿತು. ನಿಮ್ಮ ನಂಬಿಕೆಯನ್ನು ಒಪ್ಪದವನೂ ನಿಮ್ಮ ಕ್ಲಬ್ಬಿನ ಅಧ್ಯಕ್ಷ ಸ್ಥಾನಕ್ಕೆ ನಿಲ್ಲಬಹುದು ಅಂದರೆ ಆ ಕ್ಲಬ್ ಯಾವುದರದ್ದು? ನನಗೆ ಈ ತೀರ್ಪು ಇನ್ನೂ ಸಮಾಧಾನ ಕೊಟ್ಟಿಲ್ಲ.

ಇಷ್ಟೊತ್ತಿಗೆ ಕ್ಲಬ್ಬಿನ ಸ್ವಭಾವವೇ ಬದಲಾಗಿತ್ತು. ಓದುವ ಗುಂಪು ಅಥವಾ ಬಾಗಿಲು ತಟ್ಟುವ ಗುಂಪು ಹೋಗಿ, ಎಲ್ಲರ ಕಣ್ಣಿಗೆ ಬೀಳುವ ಕಾರ್ಯಕ್ರಮ ಮಾಡುವ ಗುಂಪು ಬಂತು. 2011ರಲ್ಲಿ ಬರ್ಕ್ಲಿ ಕಾಲೇಜ್ ರಿಪಬ್ಲಿಕನ್ಸ್ ಒಂದು ಕೇಕ್ ಮಾರಾಟ ಇಟ್ಟರು. ಕಾಲೇಜು ಪ್ರವೇಶದಲ್ಲಿ ಜನಾಂಗ ನೋಡುವುದನ್ನು ವಿರೋಧಿಸಲು ಬಿಳಿಯರಿಗೆ 2 ಡಾಲರ್, ಕಪ್ಪು ಜನರಿಗೆ 75 ಸೆಂಟ್, ಮೂಲನಿವಾಸಿಗಳಿಗೆ 25 ಸೆಂಟ್ ಎಂದು ಬೆಲೆ ಬರೆದರು. ದೇಶವೆಲ್ಲ ಮಾತಾಡಿತು. ವಾದ ಎಲ್ಲರಿಗೂ ತಲುಪಿತು, ನಿಜ. ಆದರೆ ಬೆಲೆಪಟ್ಟಿ ನೋಡಿ ನೊಂದ ಸಹಪಾಠಿಯ ಜೊತೆ ಮಾರನೇ ದಿನ ಕೂತು ಅದೇ ವಾದವನ್ನು ತಾಳ್ಮೆಯಿಂದ ಹೇಳುವುದು ಎಷ್ಟು ಕಷ್ಟ ಆಗಿರಬಹುದು, ಅಲ್ವಾ? ಒಂದು ಕ್ಲಬ್ ಬದುಕುವುದು ವಾರದ ಸಭೆಯಲ್ಲಿ, ಹನ್ನೆರಡು ಕುರ್ಚಿ, ಒಂದು ವಿಷಯ, ಎರಡು ಗಂಟೆಯ ಚರ್ಚೆಯಲ್ಲಿ ಅಂತ ನಾನು ನಂಬುತ್ತೇನೆ.

ದೊಡ್ಡ ಭಾಷಣಕಾರರು ಬಂದರೆ ಪೊಲೀಸರು ಬೇಕು. ಬಿಲ್ ಯಾರಿಗೆ? 1992ರಲ್ಲೇ ಸುಪ್ರೀಂ ಕೋರ್ಟ್ ಜಾರ್ಜಿಯಾದ ಫೋರ್ಸಿತ್ ಕೌಂಟಿಯ ಕೇಸಿನಲ್ಲಿ ಇದನ್ನು ಮುಟ್ಟಿತ್ತು. ಕೇಳುಗರು ಸಿಟ್ಟಾಗಬಹುದು ಎಂದು ಮಾತಾಡುವವನಿಗೆ ಜಾಸ್ತಿ ಶುಲ್ಕ ಹಾಕಿದರೆ ಅದು ಮಾತಿಗೇ ದಂಡ ಹಾಕಿದಂತೆ. ಆ ಕೇಸಿನಲ್ಲಿ ಇದ್ದದ್ದು ಮಾರ್ಟಿನ್ ಲೂಥರ್ ಕಿಂಗ್ ರಜಾದಿನವನ್ನು ವಿರೋಧಿಸುವ ಗುಂಪು, ಯಾರೂ ಪ್ರೀತಿಸುವಂಥದ್ದಲ್ಲ. ಆದರೂ ತತ್ವ ಗಟ್ಟಿ.

2017ರ ಫೆಬ್ರುವರಿ 1ರ ರಾತ್ರಿ ಬರ್ಕ್ಲಿಯಲ್ಲಿ ಕೆರಳಿಸುವ ಮಾತಿಗೆ ಹೆಸರಾದ ಬಲಪಂಥೀಯ ಮೈಲೋ ಯಿಯನೋಪೋಲಸ್ ಭಾಷಣ ನಡೆಯಲೇ ಇಲ್ಲ. ಸುಮಾರು 1,500 ಪ್ರತಿಭಟನಾಕಾರರ ನಡುವೆ ಮುಖ ಮುಚ್ಚಿಕೊಂಡ ಸುಮಾರು 150 ಜನ ನುಗ್ಗಿ ಬೆಂಕಿ ಹಚ್ಚಿದರು, ಗಾಜು ಒಡೆದರು. ಕ್ಯಾಂಪಸ್‌ಗೆ 1,00,000 ಡಾಲರ್ ನಷ್ಟ. ಕರೆಸಿದ್ದು ಅಲ್ಲಿನ ಕಾಲೇಜ್ ರಿಪಬ್ಲಿಕನ್ಸ್. ಅದೇ ವರ್ಷ ಸೆಪ್ಟೆಂಬರ್‌ನಲ್ಲಿ ಬಲಪಂಥೀಯ ಮಾತುಗಾರ ಬೆನ್ ಶಪಿರೋ ಬಂದಾಗ ವಿಶ್ವವಿದ್ಯಾಲಯ ಭದ್ರತೆಗೆ ಸುಮಾರು 6,00,000 ಡಾಲರ್ ಸುರಿಯಿತು. ತಾರೀಖು ನೋಡಿ: ಸೆಪ್ಟೆಂಬರ್ 14. ಟೌಲ್ ಅವರ ಪತ್ರಕ್ಕೆ ಸರಿಯಾಗಿ 53 ವರ್ಷ. ಅವತ್ತು ಭಾಷಣ ನಡೆಯಿತು. ಭಾಷಣಕಾರರ ವಿಷಯದಲ್ಲಿ ನಿಯಮಗಳು ಪಕ್ಷಪಾತದಿಂದ ಕೂಡಿವೆ ಎಂದು ಯಂಗ್ ಅಮೆರಿಕಾಸ್ ಫೌಂಡೇಶನ್ ಎಂಬ ಕನ್ಸರ್ವೇಟಿವ್ ಸಂಸ್ಥೆ ಮತ್ತು ಆ ಕ್ಲಬ್ ಹೂಡಿದ ಮೊಕದ್ದಮೆ 2018ರ ಡಿಸೆಂಬರ್‌ನಲ್ಲಿ 70,000 ಡಾಲರ್ ಮತ್ತು ನಿಯಮಗಳ ಬದಲಾವಣೆಯ ರಾಜಿಯಲ್ಲಿ ಮುಗಿಯಿತು. ಸಿಯಾಟಲ್‌ನ ವಾಷಿಂಗ್ಟನ್ ವಿಶ್ವವಿದ್ಯಾಲಯದಲ್ಲಿ ಕಾಲೇಜ್ ರಿಪಬ್ಲಿಕನ್ಸ್ ಒಂದು ರ್‍ಯಾಲಿಗೆ 17,000 ಡಾಲರ್ ಭದ್ರತಾ ಶುಲ್ಕ ಕಟ್ಟಬೇಕು ಎಂದು ವಿಶ್ವವಿದ್ಯಾಲಯ ಅಂದಾಗ, ಫೆಡರಲ್ ನ್ಯಾಯಾಧೀಶರು ಅದನ್ನು ತಡೆದರು. ಕೊನೆಗೆ 1,22,500 ಡಾಲರ್ ವಕೀಲರ ಖರ್ಚು ವಿಶ್ವವಿದ್ಯಾಲಯದ ತಲೆಗೇ ಬಂತು. ಇಪ್ಪತ್ತು ಜನರ ಕ್ಲಬ್ಬಿಗೆ 17,000 ಡಾಲರ್ ಬಿಲ್ ಅಂದರೆ ಬರಬೇಡಿ ಅಂದಂತೆಯೇ. ಕ್ಲಬ್‌ಗಳ ಈ ದೂರು ನ್ಯಾಯವಾದದ್ದು.

ಈ ಕಾಲದಲ್ಲೇ ಹೊರಗಿನ ಸಂಸ್ಥೆಗಳು ದೊಡ್ಡದಾದವು. ಚಾರ್ಲಿ ಕರ್ಕ್ 2012ರಲ್ಲಿ, 18ರ ಹರೆಯದಲ್ಲಿ, ಟರ್ನಿಂಗ್ ಪಾಯಿಂಟ್ ಯುಎಸ್ಎ ಎಂಬ ಕನ್ಸರ್ವೇಟಿವ್ ವಿದ್ಯಾರ್ಥಿ ಸಂಘಟನೆ ಕಟ್ಟಿದರು. ಕರಪತ್ರ, ಸ್ಟಿಕ್ಕರ್, ತರಬೇತಿ, ಭಾಷಣಕಾರರು ಎಲ್ಲ ಕೇಂದ್ರದಿಂದ ಬರುತ್ತವೆ. ಹೊಸ ಹುಡುಗನಿಗೆ ಇದು ದೊಡ್ಡ ಆಸರೆ. ಆದರೆ ಕ್ಲಬ್ ಏನು ಮಾತಾಡಬೇಕು ಅನ್ನುವುದೂ ಅಲ್ಲಿಂದಲೇ ಬರತೊಡಗುತ್ತದೆ. 2016ರ ಆಗಸ್ಟ್‌ನಲ್ಲಿ ಹಾರ್ವರ್ಡ್ ರಿಪಬ್ಲಿಕನ್ ಕ್ಲಬ್ ತನ್ನ 128 ವರ್ಷದ ಇತಿಹಾಸದಲ್ಲಿ ಮೊದಲ ಬಾರಿಗೆ ಪಕ್ಷದ ಅಧ್ಯಕ್ಷೀಯ ಅಭ್ಯರ್ಥಿಯನ್ನು ಬೆಂಬಲಿಸುವುದಿಲ್ಲ ಅಂದಿತು. ಅಭ್ಯರ್ಥಿ ಡೊನಾಲ್ಡ್ ಟ್ರಂಪ್. ಆ ನಿಲುವು ಸರಿಯೋ ತಪ್ಪೋ, ಅದು ಆ ಕೋಣೆಯಲ್ಲಿ ಕೂತವರೇ ತೆಗೆದುಕೊಂಡ ನಿಲುವು. ಅದರ ಬೆಲೆಯೇ ಬೇರೆ.

ಮೊಕದ್ದಮೆಗಳಲ್ಲಿ ಇನ್ನೊಂದು ನೋವು ಇದೆ. ಹೀಲಿ ಕೇಸಿಗೆ ಮೂರು ವರ್ಷ ಹಿಡಿಯಿತು, ಮ್ಯಾಡಿಸನ್ ಕೇಸಿಗೆ ನಾಲ್ಕು. ಜಾರ್ಜಿಯಾ ಗ್ವಿನೆಟ್ ಕಾಲೇಜಿನಲ್ಲಿ ತನ್ನ ಧರ್ಮದ ಬಗ್ಗೆ ಮಾತಾಡದಂತೆ ತಡೆಯಲ್ಪಟ್ಟ ಚೀಕೆ ಉಜುಎಗ್ಬುನಮ್ 2016ರಲ್ಲಿ ಕೋರ್ಟಿಗೆ ಹೋದ. ಕಾಲೇಜು ನಿಯಮ ಬದಲಿಸಿ ಇನ್ನು ಕೇಸೇ ಇಲ್ಲ ಅಂದಿತು. ಅವನ ಓದೂ ಮುಗಿಯಿತು. ನಾಮಮಾತ್ರ ಪರಿಹಾರ ಕೇಳಿದರೂ ಕೇಸು ಜೀವಂತ ಎಂದು ಸುಪ್ರೀಂ ಕೋರ್ಟ್ 8–1ರಲ್ಲಿ ಹೇಳಿದ್ದು 2021ರಲ್ಲಿ. ಪದವಿಗೆ ನಾಲ್ಕೇ ವರ್ಷ. ಹೋರಾಡಿದವರು ಪಟ್ಟ ಕಷ್ಟದ ಫಲ ಸಿಗುವುದು ಹೆಸರೂ ಗೊತ್ತಿಲ್ಲದ ಕಿರಿಯರಿಗೆ.

2025ರ ಸೆಪ್ಟೆಂಬರ್ 10ರಂದು ಯೂಟಾ ವ್ಯಾಲಿ ವಿಶ್ವವಿದ್ಯಾಲಯದ ಅಂಗಳದಲ್ಲಿ, ಬಯಲಲ್ಲಿ ಕೂತು, ಒಪ್ಪದವರ ಪ್ರಶ್ನೆಗೆ ಉತ್ತರ ಕೊಡುತ್ತಿದ್ದಾಗಲೇ ಚಾರ್ಲಿ ಕರ್ಕ್ ಅವರನ್ನು ಗುಂಡಿಟ್ಟು ಕೊಂದರು. ಅವರಿಗೆ 31 ವರ್ಷ. ಎದುರಿಗೆ ಸುಮಾರು 3,000 ಜನ ಇದ್ದರು, ಅವರಲ್ಲಿ ಅನೇಕರು ವಿದ್ಯಾರ್ಥಿಗಳು. ಅವರ ಮಾತು ನಿಮಗೆ ಇಷ್ಟವಿದ್ದಿರಲಿ ಬಿಡಲಿ, ಮೈಕು ಹಿಡಿದು ಪ್ರಶ್ನೆ ಕೇಳಲು ಸಾಲಿನಲ್ಲಿ ನಿಂತ ಆ ಹುಡುಗ ಹುಡುಗಿಯರು ಏನನ್ನು ನೋಡಬೇಕಾಯಿತು ಎಂದು ನೆನೆದರೆ ಸಂಕಟವಾಗುತ್ತದೆ. ಭದ್ರತೆಯ ಬಿಲ್ ತಮ್ಮ ಬಾಯಿ ಮುಚ್ಚಿಸುವ ದಾರಿ ಎಂದು ವರ್ಷಗಟ್ಟಲೆ ಹೇಳಿದ ಕ್ಲಬ್‌ಗಳಿಗೇ ಈಗ ಭದ್ರತೆ ಬೇಕು. ಫೋರ್ಸಿತ್ ತತ್ವದ ಪ್ರಕಾರ ಬೆದರಿಕೆ ಜಾಸ್ತಿ ಇದೆ ಎಂದು ಅವರಿಗೆ ಜಾಸ್ತಿ ಬಿಲ್ ಹಾಕುವಂತಿಲ್ಲ. ಹಾಗಾದರೆ ಆ ಖರ್ಚು ವಿಶ್ವವಿದ್ಯಾಲಯವೇ ಹೊರಬೇಕು, ಎಡದ ಕ್ಲಬ್ಬಿಗೂ ಬಲದ ಕ್ಲಬ್ಬಿಗೂ ಒಂದೇ ಲೆಕ್ಕದಲ್ಲಿ. ಅಲ್ಲಿಯವರೆಗೆ, ಮುಂದಿನ ವಾರ ಬಯಲಲ್ಲಿ ಮೇಜು ಹಾಕಬೇಕಾ, ಇಲ್ಲ ಒಳಗೆ ಕೋಣೆ ಹಿಡಿದು ಬಾಗಿಲಲ್ಲಿ ಚೀಲ ತಪಾಸಣೆ ಇಡಬೇಕಾ ಅನ್ನುವುದನ್ನು ಇಪ್ಪತ್ತರ ಹರೆಯದ ಕ್ಲಬ್ ಅಧ್ಯಕ್ಷರೇ ಕೂತು ನಿರ್ಧರಿಸಬೇಕಾಗಿದೆ.