ಶಾಸನದೇವತೆ ಯಾವ ಶಾಸನದ ದೇವತೆ?

ಶ್ರವಣಬೆಳಗೊಳದ್ದೋ ಹಳೇಬೀಡಿನ ಬಸ್ತಿಹಳ್ಳಿಯದ್ದೋ ಒಂದು ಜೈನ ಯಕ್ಷಿಯ ಫೋಟೊ ಹಾಕಿ, ಕೆಳಗೆ "ಶಾಸನದೇವತೆ, ಅಂದರೆ ಶಿಲಾಶಾಸನಗಳನ್ನು ಕಾಯುವ ದೇವಿ" ಎಂದು ಬರೆಯುವುದು ಈಚೆಗೆ ರೂಢಿಯೇ ಆಗಿಬಿಟ್ಟಿದೆ. ಒಬ್ಬರು ಬರೆದದ್ದನ್ನು ಹತ್ತು ಜನ ಹಂಚುತ್ತಾರೆ. ನಮ್ಮ ಕಡೆ ಎಷ್ಟು ಶಾಸನದ ಕಲ್ಲುಗಳು ಬಟ್ಟೆ ಒಗೆಯಲು, ಮೋರಿಗೆ ಹಾಸಲು ಹೋದವು ಎಂದು ನೆನೆದರೆ, ಅಂಥ ಕಾವಲಿನ ದೇವಿ ಯಾರೂ ಇಲ್ಲವೆಂಬುದು ತಾನೇ ತಿಳಿಯಬೇಕಿತ್ತು.

ಇಲ್ಲಿ ಶಾಸನ ಎಂದರೆ ಕಲ್ಲಲ್ಲ, ಜಿನನ, ಅಂದರೆ ಜೈನರ ತೀರ್ಥಂಕರನ ಉಪದೇಶ. ಒಬ್ಬ ತೀರ್ಥಂಕರನ ಉಪದೇಶವನ್ನೂ ಅದನ್ನು ನಂಬಿ ನಡೆಯುವವರನ್ನೂ ಕಾಯುವ ಯಕ್ಷ, ಯಕ್ಷಿಯರೇ ಶಾಸನದೇವತೆಗಳು. ತೀರ್ಥಂಕರರು 24, ಒಬ್ಬೊಬ್ಬರಿಗೆ ಒಂದು ಜೋಡಿ.

ಪದದ ಬೇರು ನೋಡಿ. ಸಂಸ್ಕೃತದ 'ಶಾಸ್' ಧಾತುವಿಗೆ ಕಲಿಸು, ತಿದ್ದು, ಅಪ್ಪಣೆ ಮಾಡು, ಆಳು ಎಂಬ ಅರ್ಥಗಳಿವೆ. ಕಲಿಸುವ ಕಡೆಯಿಂದ ಶಾಸ್ತ್ರ ಬಂತು, ಶಿಷ್ಯ ಬಂದ. ಆಳುವ ಕಡೆಯಿಂದ ವಿಧಾನಸೌಧದ ಶಾಸಕರು ಬಂದರು. ಬುದ್ಧನ ಹೆಸರುಗಳನ್ನು ಹೇಳುವಾಗ ಅಮರಕೋಶ 'ಶಾಸ್ತಾ' ಎನ್ನುತ್ತದೆ, ಎಂದರೆ ಕಲಿಸುವವನು. ಪಾಳಿಯಲ್ಲಿ ಅವನ ಬೋಧನೆಯೇ 'ಸಾಸನ'. ಕಲ್ಲಿಗೂ ಈ ಹೆಸರಿಗೂ ನಂಟು ಬಿದ್ದದ್ದು ಅಪ್ಪಣೆಯ ದಾರಿಯಿಂದ. ದತ್ತಿಯ ಅಪ್ಪಣೆಯನ್ನು ಕಲ್ಲಿನಲ್ಲಿ ಬರೆಸಿದರೆ ಶಿಲಾಶಾಸನ, ತಾಮ್ರದ ಹಲಗೆಯಲ್ಲಿ ಬರೆಸಿದರೆ ತಾಮ್ರಶಾಸನ. ನಾವು ಬರಬರುತ್ತಾ ಅಪ್ಪಣೆಯನ್ನು ಮರೆತು ಕಲ್ಲನ್ನೇ ಶಾಸನ ಎಂದೆವು. ಯಾವ ಅಪ್ಪಣೆಯೂ ಇಲ್ಲದ ವೀರಗಲ್ಲಿನ ಬರಹವೂ ಈಗ ಶಾಸನವೇ. ಅದು ತಪ್ಪೇನಲ್ಲ, ಭಾಷೆ ನಡೆಯುವುದೇ ಹಾಗೆ. ಆದರೆ ಆ ಹೊಸ ಅರ್ಥವನ್ನು ಹಳೆಯ ಸಮಾಸದೊಳಗೆ ತುರುಕಬಾರದು.

ಇದಕ್ಕೆ ಸಾಕ್ಷಿ ಬೇಕಾದರೆ ಕಲ್ಲಿನ ಮೊದಲ ಸಾಲನ್ನೇ ಓದಬಹುದು. ನಮ್ಮ ಜಿಲ್ಲೆಯ ಎಷ್ಟೋ ಜೈನ ಶಾಸನಗಳು ಶುರುವಾಗುವುದು ಈ ಶ್ಲೋಕದಿಂದ:

ಶ್ರೀಮತ್ಪರಮಗಂಭೀರ ಸ್ಯಾದ್ವಾದಾಮೋಘಲಾಂಛನಂ
ಜೀಯಾತ್ ತ್ರೈಲೋಕ್ಯನಾಥಸ್ಯ ಶಾಸನಂ ಜಿನಶಾಸನಂ

ಸ್ಯಾದ್ವಾದವೆಂಬ (ಯಾವುದನ್ನೂ ಹಲವು ಕಡೆಯಿಂದ ನೋಡಿ ಹೇಳಬೇಕೆಂಬ ಜೈನ ವಾದ) ಹುಸಿಹೋಗದ ಗುರುತುಳ್ಳ, ಮೂರು ಲೋಕದ ಒಡೆಯನ ಶಾಸನವಾದ ಜಿನಶಾಸನ ಗೆಲ್ಲಲಿ ಎಂದು ಅರ್ಥ. ಗೆಲ್ಲಬೇಕಾದ್ದು ಕಲ್ಲಲ್ಲವಷ್ಟೆ. ಶಾಸನದ ಮೇಲೆಯೇ ಶಾಸನ ಎಂಬ ಪದ ಬೇರೆ ಅರ್ಥದಲ್ಲಿ ನಿಂತಿದೆ. ಫೋಟೊ ತೆಗೆಯುವವರು ಒಂದು ಗಳಿಗೆ ನಿಂತು ಓದಿದ್ದರೆ ಸಾಕಿತ್ತು.

ಹಾಗಾಗಿ ಶಾಸನದೇವತೆ ಎಂದೊಡನೆ 'ಯಾರ?' ಎಂದು ಕೇಳಬೇಕು. ಪಾರ್ಶ್ವನಾಥನಿಗೆ ಧರಣೇಂದ್ರ, ಪದ್ಮಾವತಿ. ನೇಮಿನಾಥನಿಗೆ ಸರ್ವಾಹ್ಣ, ಕೂಷ್ಮಾಂಡಿನಿ. ಚಂದ್ರಪ್ರಭನಿಗೆ ಶ್ಯಾಮ, ಜ್ವಾಲಾಮಾಲಿನಿ. ನರಸಿಂಹರಾಜಪುರದ ಸಿಂಹನಗದ್ದೆ ಬಸದಿಗೆ ಹೋಗುವವರು "ಜ್ವಾಲಾಮಾಲಿನಿ ಅಮ್ಮನವರ ದರ್ಶನಕ್ಕೆ" ಎನ್ನುತ್ತಾರೆಯೇ ಹೊರತು ಚಂದ್ರಪ್ರಭನ ಹೆಸರು ಹೇಳುವವರು ಕಡಿಮೆ. ಅದಕ್ಕೆ ಕಾರಣವೂ ಉಂಟು. ಜಿನ ವೀತರಾಗ, ಬೇಡಿದರೆ ಕೊಡುವವನಲ್ಲ, ಮುನಿಯುವವನೂ ಅಲ್ಲ. ಮಳೆ, ಮಗು, ಕಾಯಿಲೆ ಎಂದು ಕೇಳಿಕೊಳ್ಳುವುದಿದ್ದರೆ ಯಕ್ಷಿಯನ್ನೇ ಕೇಳಬೇಕು. ಆದರೆ ಮೋಕ್ಷ ಕೊಡುವುದು ಅವಳ ಕೈಯಲ್ಲೂ ಇಲ್ಲ. ಅವಳೂ ಹುಟ್ಟುಸಾವಿನ ಒಳಗಿರುವವಳೇ.

ಹೆಚ್ಚು ಪೆಟ್ಟು ತಿನ್ನುವವಳು ಕೂಷ್ಮಾಂಡಿನಿ. ನವರಾತ್ರಿಯ ನಾಲ್ಕನೆಯ ದಿನ ಬಂತೆಂದರೆ ನವದುರ್ಗೆಯರ ಕೂಷ್ಮಾಂಡಾ ಎಂದು ಇವಳ ಚಿತ್ರ ಓಡಾಡುತ್ತದೆ. ಹೆಸರು ಹತ್ತಿರ, ಇಬ್ಬರಿಗೂ ಸಿಂಹವೇ ವಾಹನ, ಸರಿ. ಆದರೆ ಕೈ ನೋಡಿ: ಜೈನ ಯಕ್ಷಿಯ ಕೈಯಲ್ಲಿ ಮಾವಿನ ಗೊಂಚಲು, ತೊಡೆಯ ಮೇಲೋ ಪಕ್ಕದಲ್ಲೋ ಮಗು, ತಲೆಯ ಮೇಲೆ ಹಲವು ಕಡೆ ಮಾವಿನ ಕೊಂಬೆ. ಮುನಿಗೆ ಅನ್ನವಿಕ್ಕಿದಳೆಂದು ಗಂಡ ಸೋಮಶರ್ಮ ಮನೆಯಿಂದ ಹೊರಹಾಕಿದ ಅಗ್ನಿಲೆ ಇವಳು. ಎರಡು ಮಕ್ಕಳೊಡನೆ ಹೊರಟಾಗ ಹಸಿವಿಗೆ ಒದಗಿದ್ದು ಮಾವು. ಸತ್ತು ಯಕ್ಷಿಯಾದಳು, ಗಂಡ ಅವಳ ಸಿಂಹವಾದ. ಬೆಳಗೊಳದ ಚಾವುಂಡರಾಯ ಬಸದಿಯಲ್ಲಿ ನೇಮಿನಾಥನ ಮುಂದಿನ ಸುಕನಾಸಿಯಲ್ಲಿ, ಅಂದರೆ ಗರ್ಭಗುಡಿಯ ಮುಂದಿನ ಕೋಣೆಯಲ್ಲಿ, ಸರ್ವಾಹ್ಣ, ಕೂಷ್ಮಾಂಡಿನಿಯರ ಜೋಡಿಯನ್ನು ನೋಡಬಹುದು.

ಪದ್ಮಾವತಿಯದು ಬೇರೆ ತಾಪತ್ರಯ. ತಲೆಯ ಮೇಲೆ ಹಾವಿನ ಹೆಡೆ ಕಂಡರೆ ಪಾರ್ಶ್ವನಾಥ ಎನ್ನುವವರು ಅವಳನ್ನೂ ಜಿನನ ಲೆಕ್ಕಕ್ಕೆ ಸೇರಿಸುತ್ತಾರೆ. ಜಿನನ ಮೈಮೇಲೆ ಒಡವೆ ಇರುವುದಿಲ್ಲ. ಕಿರೀಟ, ಹಾರ, ಕೈಯಲ್ಲಿ ಅಂಕುಶ ಪಾಶ ಇದ್ದರೆ ಅದು ಜಿನನಲ್ಲ. ಕಿರೀಟದ ನಡುವೆ ಪುಟ್ಟ ಜಿನಬಿಂಬವಿದ್ದರೆ ಅನುಮಾನವೇ ಬೇಡ. ಸಾಮಾನ್ಯವಾಗಿ ಯಕ್ಷ ಜಿನನ ಬಲಕ್ಕೆ, ಯಕ್ಷಿ ಎಡಕ್ಕೆ. ನಾವು ಎದುರು ನಿಂತಾಗ ಇದು ತಿರುಗಾಮುರುಗಾ ಆಗುತ್ತದೆ, ಗುರುತು ಬರೆಯುವವರು ಎಡವುವುದೂ ಅಲ್ಲೇ. 1181ರಲ್ಲಿ ಆಚಲದೇವಿ ಕಟ್ಟಿಸಿದ ಬೆಳಗೊಳದ ಅಕ್ಕನ ಬಸದಿಯಲ್ಲಿ ಮಾತ್ರ ಈ ಲೆಕ್ಕ ಬೇಡ. ಅಲ್ಲಿ ಸುಕನಾಸಿಯೊಳಗೆ ಧರಣೇಂದ್ರ, ಪದ್ಮಾವತಿ ಎದುರುಬದುರಾಗಿದ್ದಾರೆ.

ಇನ್ನು "ಬಾಹುಬಲಿಯ ಶಾಸನದೇವತೆ ಯಾರು?" ಎಂಬ ಪ್ರಶ್ನೆ. ಯಾರೂ ಇಲ್ಲ. ಬಾಹುಬಲಿ ಮೊದಲ ತೀರ್ಥಂಕರನ ಮಗ, ತಾನು ತೀರ್ಥಂಕರನಲ್ಲ. ವಿಂಧ್ಯಗಿರಿಯಲ್ಲಿ ಅವನ ಅಕ್ಕಪಕ್ಕ ಇರುವ ಯಕ್ಷ, ಯಕ್ಷಿ ಚಾಮರ ಹಿಡಿದವರು. ಎದುರಿಗೆ ನಿಂತ ಗುಳ್ಳಕಾಯಜ್ಜಿಯನ್ನು, ಅಂದರೆ ಅಭಿಷೇಕಕ್ಕೆ ಗುಳ್ಳಕಾಯಿಯಲ್ಲಿ ಹಾಲು ತಂದಳೆಂಬ ಕಥೆಯ ಮುದುಕಿಯನ್ನು, ವೇಷ ಮರೆಸಿ ಬಂದ ಕೂಷ್ಮಾಂಡಿನಿ ಎನ್ನುವವರುಂಟು, ಪದ್ಮಾವತಿ ಎನ್ನುವವರೂ ಉಂಟು. ಶಿಲ್ಪಿ ಕೆತ್ತಿದ್ದು ಮಾತ್ರ ಗುಳ್ಳಕಾಯಿ ಹಿಡಿದ ಹೆಂಗಸನ್ನು.