ದಾಸವಾಳದಿಂದ ಬೆಂಡೆಕಾಯಿಗೆ: ಎರಡನೇ ತರಗತಿಗೆ ಇಂಗ್ಲಿಷ್ ಮತ್ತು ವಿಜ್ಞಾನ ಒಟ್ಟಿಗೆ

ನನ್ನ ಹಾಗೆ ಡಿ.ಎಲ್.ಇಡಿ (ಪ್ರಾಥಮಿಕ ಶಾಲಾ ಶಿಕ್ಷಕರ ಡಿಪ್ಲೊಮಾ) ಮಾಡುತ್ತಿರುವ ಗೆಳೆಯರಿಗಾಗಿ ಈ ಟಿಪ್ಪಣಿ. ಕಲಬುರಗಿ ಜಿಲ್ಲೆಯ ಸೇಡಂ ಕಡೆಯ ಒಂದು ಹಳ್ಳಿ ಶಾಲೆಯಲ್ಲಿ ಬೋಧನಾಭ್ಯಾಸ ಮಾಡುವಾಗ ಬರೆದಿಟ್ಟುಕೊಂಡದ್ದು.

ಮೊದಲ ದಿನ ನಾನು ಹೂವಿನ ಭಾಗಗಳ ಚಾರ್ಟ್ ತೂಗುಹಾಕಿದ್ದೆ. ಮಕ್ಕಳು ‘ಪೆಟಲ್, ಪೆಟಲ್’ (ಎಸಳು) ಅಂತ ಜೋರಾಗಿ ಹೇಳಿದರು. ಮರುದಿನ ಅಂಗಳದ ದಾಸವಾಳದ ಗಿಡದ ಹತ್ತಿರ ನಿಲ್ಲಿಸಿ, ಪೆಟಲ್ ಮುಟ್ಟಿ ನೋಡೋಣ ಅಂದೆ. ಅರ್ಧ ಮಕ್ಕಳು ಎಲೆ ಮುಟ್ಟಿದರು. ಚಾರ್ಟಿನ ಗೆರೆಯ ತುದಿಯಲ್ಲಿ ಏನಿದೆ ಅಂತ ಅವರಿಗೆ ತಿಳಿದೇ ಇರಲಿಲ್ಲ. ಅಂದಿನಿಂದ ನಾನು ಕ್ರಮ ಬದಲಾಯಿಸಿದೆ. ಮೊದಲು ಮಗುವಿನ ಬೆರಳು ಮುಟ್ಟಬೇಕು. ಆಮೇಲೆ ಅದು ಮನೆಯಲ್ಲಿ ಏನು ಅನ್ನುತ್ತದೋ ಆ ಪದ ಬರಬೇಕು. ಇಂಗ್ಲಿಷ್ ಪದ ಕೊನೆಗೆ. ನಮ್ಮ ತರಗತಿಗಳಲ್ಲಿ ಕನ್ನಡದ ಜೊತೆ ದಖನಿ, ತೆಲುಗು, ಲಂಬಾಣಿ ಮಾತಾಡುವ ಮಕ್ಕಳೂ ಇರುತ್ತಾರೆ. ಹೂ, ಫೂಲ್, ಪುವ್ವು ಎಲ್ಲವೂ ಬರಲಿ. ಅವುಗಳ ಪಕ್ಕದಲ್ಲಿ ‘ಫ್ಲವರ್’ ಬಂದು ಕೂತರೆ ಅದು ಹೊರಗಿನದು ಅನಿಸುವುದಿಲ್ಲ.

ಯಾವ ಹೂ ತರಬೇಕು? ಕಲಬುರಗಿ ಅಂದ ಮೇಲೆ ತೊಗರಿ ಹೂವೇ ಮನಸ್ಸಿಗೆ ಬರುತ್ತದೆ. ನಮ್ಮ ತೊಗರಿ ಬೇಳೆಗೆ 2019ರಲ್ಲಿ ಜಿಐ (ಭೌಗೋಳಿಕ ಸೂಚಕ, ಅಂದರೆ ಈ ಊರಿನದೇ ವಿಶೇಷ ಅನ್ನುವ ಗುರುತು) ಮಾನ್ಯತೆಯೂ ಸಿಕ್ಕಿದೆ. ಆದರೆ ಮೊದಲ ಪಾಠಕ್ಕೆ ಅದು ಬೇಡ. ಹೂ ಸಣ್ಣದು, ಐದು ಎಸಳು ಒಂದೇ ಥರ ಇರುವುದಿಲ್ಲ, ಕೆಳಗಿನ ಎರಡು ಎಸಳು ಕೂಡಿಕೊಂಡು ಕೇಸರಗಳನ್ನು ಒಳಗೆ ಮುಚ್ಚಿಟ್ಟಿರುತ್ತವೆ. ಸೂರ್ಯಕಾಂತಿಯೂ ಬೇಡ. ನಾವು ಎಸಳು ಅಂತ ಕೀಳುವ ಒಂದೊಂದೂ ಅಲ್ಲಿ ಒಂದೊಂದು ಹೂವೇ. ದಾಸವಾಳವಾದರೆ ಎಲ್ಲವನ್ನೂ ತೆರೆದು ತೋರಿಸುತ್ತದೆ. ಒಂದೇ ಸುತ್ತು ಎಸಳಿನ ಕೆಂಪು ದಾಸವಾಳವನ್ನೇ ತನ್ನಿ. ಎಸಳು ಮುದ್ದೆಯಾಗಿರುವ ಜಾತಿಯಲ್ಲಿ ಕೇಸರಗಳೇ ಎಸಳಾಗಿ ಬದಲಾಗಿರುವುದರಿಂದ ಎಣಿಕೆ ಕೈಗೆ ಸಿಗುವುದಿಲ್ಲ. ಹೂ ಬೆಳಿಗ್ಗೆ ಅರಳಿ ಸಂಜೆಗೆ ಮುದುಡುತ್ತದೆ, ಹಾಗಾಗಿ ಮೊದಲ ಪಿರಿಯಡ್‌ನಲ್ಲೇ ಪಾಠ ಮುಗಿಸಿ. ಇಂಗ್ಲಿಷಿನಲ್ಲಿ ಇದಕ್ಕೆ ‘ಹೈಬಿಸ್ಕಸ್’ ಅನ್ನುತ್ತಾರೆ. ಆದರೆ ‘ಶೂ ಫ್ಲವರ್’ ಅಂದರೆ ಮಕ್ಕಳ ನಾಲಿಗೆಗೆ ಸುಲಭ. ಹಿಂದೆ ಇದರ ಎಸಳು ತಿಕ್ಕಿ ಬೂಟಿಗೆ ಹೊಳಪು ಕೊಡುತ್ತಿದ್ದರಂತೆ ಅಂತ ಹೇಳಿದರೆ ಹೆಸರು ಮರೆಯುವುದೇ ಇಲ್ಲ.

ಕೊಡುವ ಮುಂಚೆ ಪ್ರತಿ ಹೂವನ್ನೂ ಕೊಡವಿ. ಕಪ್ಪು ಮೈ ಮೇಲೆ ಕಿತ್ತಳೆ ಪಟ್ಟಿ ಇರುವ ಒಂದು ದುಂಬಿ ದಾಸವಾಳ, ಬೆಂಡೆ, ತೊಗರಿ ಹೂಗಳನ್ನು ತಿನ್ನುತ್ತದೆ. ಅದರ ರಸ ತಾಗಿದರೆ ಚರ್ಮದ ಮೇಲೆ ಗುಳ್ಳೆ ಏಳುತ್ತದೆ. ಇನ್ನು ಕಣಗಿಲೆ ಮತ್ತು ದತ್ತೂರಿ ವಿಷದ ಗಿಡಗಳು, ಅವುಗಳನ್ನು ತರಗತಿಗೆ ತರಲೇಬೇಡಿ.

ಇಬ್ಬರಿಗೆ ಒಂದು ಹೂ ಕೊಟ್ಟು ಎಸಳು ಎಣಿಸಲು ಹೇಳಿ. ‘ಒನ್ ಪೆಟಲ್, ಟೂ ಪೆಟಲ್ಸ್’ ಅಂತ ನೀವೂ ಜೊತೆಗೆ ಹೇಳಿ. ಇಲ್ಲಿ ಒಂದು ಸೂಕ್ಷ್ಮ ಇದೆ. ಮಕ್ಕಳು ‘ಫೈವ್ ಪೆಟಲ್’ ಅಂತಲೇ ಹೇಳುತ್ತಾರೆ. ಯಾಕೆಂದರೆ ಕನ್ನಡದಲ್ಲಿ ನಾವು ‘ಐದು ಎಸಳು’ ಅನ್ನುತ್ತೇವೆ, ‘ಐದು ಎಸಳುಗಳು’ ಅಂತ ಯಾರೂ ಮಾತಿನಲ್ಲಿ ಹೇಳುವುದಿಲ್ಲ ಅಲ್ವಾ? ‘ದ ಫ್ಲವರ್ ಈಸ್ ರೆಡ್’ ಅನ್ನುವಾಗ ‘ಈಸ್’ ಬಿಡುವುದೂ ಹೀಗೇ. ‘ಹೂ ಕೆಂಪು’ ಅಂದರೆ ನಮಗೆ ಪೂರ್ತಿ ವಾಕ್ಯ. ಮಗು ತನ್ನ ಭಾಷೆಯ ನಿಯಮವನ್ನು ಸರಿಯಾಗಿಯೇ ಪಾಲಿಸುತ್ತಿದೆ. ಗದರಬೇಡಿ, ಸುಮ್ನೆ ನೀವು ಸರಿಯಾಗಿ ಮತ್ತೆ ಮತ್ತೆ ಹೇಳಿ. ಇನ್ನೊಂದು, ‘ಸ್ಟೆಮ್’ ಕೆಲವು ಮಕ್ಕಳ ಬಾಯಲ್ಲಿ ‘ಇಸ್ಟೆಮ್’ ಆಗುತ್ತದೆ. ‘ಎ ಸ್ಟೆಮ್’ ಅಂತ ಜೋಡಿಸಿ ಹೇಳಿಸಿದೆ. ಮುಂದೊಂದು ಸ್ವರ ಸಿಕ್ಕಿದ್ದೇ ತಡ, ಆ ‘ಇ’ ತಾನೇ ಬಿದ್ದುಹೋಯಿತು.

ಈಗ ಹೂವಿನ ಒಳಗೆ. ಎಸಳು ಹಿಡಿದು ಎಳೆದರೆ ಬುಡದಲ್ಲಿ ಕೂಡಿಕೊಂಡಿರುವ ಕಾರಣ ಎಲ್ಲವೂ ಒಟ್ಟಿಗೆ ಬರುತ್ತವೆ, ನಡುವಿನ ಕೋಲೂ ಜೊತೆಗೆ ಬರುತ್ತದೆ. ಆ ಕೋಲು ಒಂದು ಕೊಳವೆ. ಅದರ ಹೊರಮೈಯಲ್ಲಿ ನೂಲಿನಂಥ ಕೇಸರಗಳು, ಅವುಗಳ ತುದಿಯಲ್ಲಿ ಹಳದಿ ಪುಡಿ. ಬೆರಳಿಗೆ ಅಂಟಿಸಿಕೊಂಡು ‘ಪಾಲನ್’ ಅನ್ನಲಿ. ಈ ಪದ ಒಂದೇ ಸಲಕ್ಕೆ ನಿಂತುಬಿಟ್ಟಿತು, ಯಾಕೆಂದರೆ ಅದು ಅಂಗಿಗೂ ಅಂಟಿತ್ತು! ಕೊಳವೆಯನ್ನು ಉಗುರಿನಿಂದ ಸೀಳಿದರೆ ಒಳಗೆ ಸಣ್ಣ ದಾರದ ಹಾಗೆ ಶಲಾಕಾನಳಿಕೆ (ಹೂವಿನ ಹೆಣ್ಣು ಭಾಗದ ಕಡ್ಡಿ) ಕಾಣುತ್ತದೆ. ಅದು ಮೇಲೆ ಹೋಗಿ ಐದಾಗಿ ಒಡೆದು, ಪ್ರತಿ ತುದಿಗೂ ಮಖಮಲ್ಲಿನಂಥ ಕೆಂಪು ಚುಕ್ಕೆ ಹೊತ್ತಿರುತ್ತದೆ. ‘ಟೀಚರ್, ಇಲ್ಲೂ ಐದೇ ಅವ ನೋಡ್ರಿ’ ಅಂದಳು ಒಬ್ಬಳು. ನಾನು ಕಾಯುತ್ತಿದ್ದದ್ದು ಅದಕ್ಕೇ. ಎಸಳು ಐದು, ಎಸಳಿನ ಬುಡದ ಹಸಿರು ಬಟ್ಟಲಿನ ಹಲ್ಲು ಐದು, ತುದಿ ಐದು. ಬಟ್ಟಲಿನ ಹೊರಗೆ ಇನ್ನೊಂದು ಸುತ್ತು ಸಣ್ಣ ಹಸಿರು ಎಲೆಗಳಿವೆ. ಅವು ಆರೋ ಏಳೋ ಇರಬಹುದು. ಅದರ ಹೆಸರು ಎಪಿಕ್ಯಾಲಿಕ್ಸ್. ಮಕ್ಕಳಿಗೆ ಹೇಳುವುದು ಬೇಡ, ಆದರೆ ಲೆಕ್ಕ ತಪ್ಪಿದಾಗ ಯಾಕೆ ಅಂತ ನಮಗೆ ಗೊತ್ತಿರಬೇಕು. ಸ್ಟೇಮೆನ್ (ಕೇಸರ), ಸ್ಟಿಗ್ಮಾ (ಆ ಕೆಂಪು ಚುಕ್ಕೆ) ಪದಗಳೂ ಈ ವಯಸ್ಸಿಗೆ ಬೇಡ. ನನ್ನ ಮೊದಲ ದಿನದ ಪದಗಳು ಆರೇ: ಫ್ಲವರ್, ಪೆಟಲ್, ಲೀಫ್, ಸ್ಟೆಮ್, ಬಡ್, ಪಾಲನ್.

ಉಳಿದ ಎಸಳನ್ನು ಬಿಳಿ ಕಾಗದಕ್ಕೆ ತಿಕ್ಕಿಸಿ. ನೇರಳೆ ಕಲೆ ಮೂಡುತ್ತದೆ. ಅದರ ಮೇಲೆ ನಿಂಬೆರಸ ಬಿದ್ದರೆ ಪಿಂಕ್, ಅಡುಗೆ ಸೋಡಾದ ನೀರು ಬಿದ್ದರೆ ಗ್ರೀನ್. ಎಸಳಿನ ಆಂಥೋಸಯನಿನ್ ಎಂಬ ಬಣ್ಣ ಹುಳಿಗೂ ಕ್ಷಾರಕ್ಕೂ ಬೇರೆ ಬೇರೆ ಥರ ತಿರುಗುತ್ತದೆ.

ದಾಸವಾಳದಲ್ಲಿ ಒಂದೇ ಕೊರತೆ. ಅಂಗಳದ ದಾಸವಾಳ ಕಾಯಿ ಬಿಡುವುದು ತೀರಾ ಅಪರೂಪ. ಹೂ ಯಾಕಿದೆ ಅನ್ನುವ ಪ್ರಶ್ನೆಗೆ ಅದರಲ್ಲಿ ಉತ್ತರ ಕಾಣಿಸುವುದಿಲ್ಲ. ಉತ್ತರ ಹಿತ್ತಲಿನ ಬೆಂಡೆ ಗಿಡದಲ್ಲಿದೆ. ದಾಸವಾಳ, ಬೆಂಡೆ, ಹತ್ತಿ ಮೂರೂ ಮಾಲ್ವೇಸಿ ಎಂಬ ಒಂದೇ ಮನೆತನದವು. ಬೆಂಡೆ ಹೂ ಹಳದಿ, ಗಂಟಲಲ್ಲಿ ಕಡುಗೆಂಪು, ನಡುವೆ ಅದೇ ಕೋಲು, ಅದೇ ಐದು ಎಸಳು. ಎಸಳು ಬಿಡಿಸಿದರೆ ಬುಡದಲ್ಲಿ ಬೆರಳುಗುರಿನಷ್ಟು ಬೆಂಡೆಕಾಯಿ ಆಗಲೇ ಕೂತಿರುತ್ತದೆ! ಅದೇ ಅಂಡಾಶಯ, ಹೂವಿನಲ್ಲಿ ಮುಂದೆ ಕಾಯಿಯಾಗುವ ಭಾಗ. ಇಲ್ಲಿ ಹಸಿರು ಬಟ್ಟಲು ಎಣಿಸಲು ಹೋಗಬೇಡಿ, ಅದು ಒಂದು ಬದಿ ಸೀಳಿಕೊಂಡು ಎಸಳಿನ ಜೊತೆಗೇ ಉದುರುತ್ತದೆ. ಒಂದು ಹೂವಿಗೆ ನೂಲು ಕಟ್ಟಿ ಬಿಟ್ಟರೆ ಒಂದು ವಾರದೊಳಗೆ ಕಾಯಿ ಕೊಯ್ಯುವಷ್ಟಾಗುತ್ತದೆ. ದಿನಾ ಹೋಗಿ ನೋಡಿ ‘ಸ್ಮಾಲ್, ಬಿಗ್, ಬಿಗ್ಗರ್’ ಅನ್ನಬಹುದು. ಕೊನೆಗೆ ಅಡ್ಡ ಕೊಯ್ದು ಬಣ್ಣದಲ್ಲಿ ಅದ್ದಿ ಒತ್ತಿಸಿ. ಸಾಮಾನ್ಯವಾಗಿ ಐದು ಮನೆ, ಪ್ರತಿ ಮನೆಯಲ್ಲೂ ‘ಸೀಡ್’. ದಾಸವಾಳದ ತುದಿಯಲ್ಲಿ ಕಂಡ ಐದು ಇಲ್ಲಿ ಮತ್ತೆ ಸಿಕ್ಕಿತು ಅಂತ ಮಕ್ಕಳೇ ಹೇಳಿದರು.

ಯಾದಗಿರಿ ಕಡೆ ಶಹಾಪುರ, ಸುರಪುರದಲ್ಲಿ ಕಲಿಸುವವರು ದಸರೆಯ ಹೊತ್ತಿಗೆ ಹತ್ತಿ ಹೊಲದ ಬದುವಿಗೆ ಮಕ್ಕಳನ್ನು ಕರೆದೊಯ್ಯಿರಿ. ಔಷಧಿ ಹೊಡೆದ ಹೊಲವಾದರೆ ಹೋಗಬೇಡಿ, ಬೇರೆ ಹೊಲಕ್ಕೆ ಹೋದರೂ ಮುಟ್ಟಿಸಬೇಡಿ, ನೋಡಿದರೆ ಸಾಕು. ಹತ್ತಿ ಹೂ ಅರಳಿದ ದಿನ ಕೆನೆಬಿಳಿ, ಮರುದಿನ ಗುಲಾಬಿ ಬಣ್ಣ. ಒಂದೇ ಗಿಡದಲ್ಲಿ ಎರಡೂ ಬಣ್ಣದ ಹೂ ಇರುತ್ತವೆ. ಯಾವುದು ನಿನ್ನೆಯದು, ಯಾವುದು ಇವತ್ತಿನದು ಅಂತ ಮಕ್ಕಳೇ ಬೇರೆ ಮಾಡಲಿ. ‘ಟುಡೇ’, ‘ಯೆಸ್ಟರ್‌ಡೇ’ ಕಲಿಸಲು ನನಗೆ ಇದಕ್ಕಿಂತ ಒಳ್ಳೆಯ ಜಾಗ ಇನ್ನೂ ಸಿಕ್ಕಿಲ್ಲ.