ಕೆಟ್ಟದ್ದು ಛಾವಣಿ, ಹುಡುಕಬೇಕಾದದ್ದು ಗೋಡೆಯಲ್ಲಿ

ಓದುಗರ ಪ್ರಶ್ನೆ: ಮನೆ ವಿನ್ಯಾಸದ ತಂತ್ರಾಂಶದಲ್ಲಿ ‘ಎಲ್’ ಆಕಾರದ ಎರಡಂತಸ್ತಿನ ಮನೆಯ ಮಾದರಿ ಮಾಡುತ್ತಿದ್ದೇನೆ. ಗೋಡೆಗಳನ್ನು ಎಳೆಯುವವರೆಗೆ ಎಲ್ಲವೂ ಚೆನ್ನಾಗಿತ್ತು. ಛಾವಣಿ ಮೂಡಿಸಿದ ಕೂಡಲೇ ಒಂದು ಬದಿಯ ಇಳಿಜಾರು ಮೂರು ಚೂರಾಯಿತು. ಒಳಮೂಲೆಯಲ್ಲಿ ಎರಡು ಕಡೆಯ ಸೂರುಗಳು, ಅಂದರೆ ಗೋಡೆಯಾಚೆ ಚಾಚುವ ಛಾವಣಿಯ ಅಂಚುಗಳು, ಒಂದೇ ಮಟ್ಟದಲ್ಲಿ ಸೇರುತ್ತಿಲ್ಲ. ಕೆಳಮಹಡಿಯ ಗೋಡೆಯ ನೆತ್ತಿಯ ಮೇಲೆ ಬೆರಳಗಲದ ಛಾವಣಿಯ ಪಟ್ಟಿಯೊಂದು ತಾನಾಗಿ ಬಂದು ಕೂತಿದೆ. ಕೈಯಿಂದ ಎಳೆದು ಸರಿಪಡಿಸಿದರೆ, ಯಾವುದೋ ಗೋಡೆ ಕದಲಿಸಿದ ತಕ್ಷಣ ಮತ್ತೆ ಕೆಡುತ್ತದೆ. ತಪ್ಪು ಎಲ್ಲಿದೆ?

ಉತ್ತರ: ಈ ಮೂರೂ ತೊಂದರೆಗಳು ಛಾವಣಿಯಲ್ಲಿ ಕಾಣಿಸುತ್ತಿವೆ, ಆದರೆ ಮೂರರಲ್ಲಿ ಒಂದೂ ಛಾವಣಿಯಲ್ಲಿ ಹುಟ್ಟಿದ್ದಲ್ಲ. ಚೀಫ್ ಆರ್ಕಿಟೆಕ್ಟ್‌ನಂಥ ತಂತ್ರಾಂಶದಲ್ಲಿ ಪ್ರತಿಯೊಂದು ಹೊರಗೋಡೆಯೂ ತನ್ನ ಮೇಲಿನ ಛಾವಣಿಯ ಕುರಿತ ಸೂಚನೆಗಳನ್ನು ಹೊತ್ತುಕೊಂಡಿರುತ್ತದೆ: ಇಳಿಜಾರು ಎಷ್ಟು, ಸೂರು ಎಷ್ಟು ಚಾಚಬೇಕು, ಈ ಗೋಡೆ ತ್ರಿಕೋನವಾಗಿ ಮೇಲೇರುವ ಗೇಬಲ್ ಆಗಬೇಕೇ ಬೇಡವೇ. ರೆವಿಟ್ ಎಂಬ ಇನ್ನೊಂದು ತಂತ್ರಾಂಶದಲ್ಲಿ ಛಾವಣಿಯ ಪರಿಧಿಯ ಒಂದೊಂದು ಗೆರೆಗೂ ಅದು ಇಳಿಜಾರನ್ನು ಹುಟ್ಟಿಸುತ್ತದೆಯೋ ಇಲ್ಲವೋ ಎಂದು ಹೇಳಬೇಕು. ಈ ಸೂಚನೆಗಳನ್ನೆಲ್ಲ ಕೂಡಿಸಿ ತಂತ್ರಾಂಶ ಹಾಕುವ ಲೆಕ್ಕದ ಉತ್ತರವೇ ನೀವು ನೋಡುತ್ತಿರುವ ಛಾವಣಿ. ನೀವು ಕೈಯಿಂದ ತಿದ್ದುತ್ತಿರುವುದು ಉತ್ತರವನ್ನು. ಲೆಕ್ಕ ಹಾಗೆಯೇ ಉಳಿದಿದೆ. ಮರುಲೆಕ್ಕ ನಡೆದಾಗ ಹಳೆಯ ಉತ್ತರವೇ ಮರಳಿ ಬರುತ್ತದೆ. ನಾನು ಕಲಿಯುತ್ತಿದ್ದ ದಿನಗಳಲ್ಲಿ ಒಂದು ಸಂಜೆ ಪೂರ್ತಿ ಕೂತು ಹನ್ನೊಂದು ಇಳಿಜಾರುಗಳ ಅಂಚುಗಳನ್ನು ಒಂದೊಂದಾಗಿ ಎಳೆದು ಜೋಡಿಸಿದ್ದೆ. ಮರುದಿನ ಒಂದು ಕೋಣೆಯನ್ನು ತುಸು ಅಗಲಿಸಿದೆ, ಹನ್ನೊಂದೂ ಹೋದವು. ಅಂದಿನಿಂದ ಛಾವಣಿ ಕೆಟ್ಟರೆ ಮೊದಲು ಅದನ್ನು ಮರೆಮಾಡಿ ಗೋಡೆಗಳನ್ನು ನೋಡುತ್ತೇನೆ.

(ಸ್ಕೆಚ್‌ಅಪ್‌ನಲ್ಲಿ ಕೆಲಸ ಮಾಡುವವರಿಗೆ ಒಂದು ಮಾತು: ಅಲ್ಲಿ ಇರುವುದು ಅಂಚುಗಳು ಮತ್ತು ಮುಖಗಳು ಮಾತ್ರ, ಗೋಡೆಗೆ ತಾನು ಗೋಡೆಯೆಂಬುದೇ ತಿಳಿದಿರುವುದಿಲ್ಲ. ನೀವು ಎಳೆದಲ್ಲಿಯೇ ತಪ್ಪು ಇರುತ್ತದೆ. ಮುಂದಿನ ಅಳತೆಯ ಲೆಕ್ಕಗಳು ನಿಮಗೂ ಅನ್ವಯಿಸುತ್ತವೆ, ಉಳಿದದ್ದು ಅಷ್ಟಾಗಿ ಅಲ್ಲ.)

ಮೊದಲು ಚೂರಾದ ಇಳಿಜಾರು. ಆ ಬದಿಯ ಗೋಡೆ ನಿಮ್ಮ ಕಣ್ಣಿಗೆ ಒಂದೇ ನೇರ ಗೋಡೆ. ತಂತ್ರಾಂಶಕ್ಕೆ ಅದು ಮೂರು ಗೋಡೆಗಳಾಗಿರುವ ಸಾಧ್ಯತೆ ಹೆಚ್ಚು. ಕಿಟಕಿಗಾಗಿಯೋ ಬೇರೆ ಬಗೆಯ ಗೋಡೆಗಾಗಿಯೋ ಅದನ್ನು ಎಲ್ಲೋ ತುಂಡರಿಸಿ, ಮಧ್ಯದ ತುಂಡು ನಾಲ್ಕೈದು ಮಿಲಿಮೀಟರ್ ಸರಿದಿದ್ದರೂ ಸಾಕು: ಮೂರು ತುಂಡು, ಮೂರು ಸೂಚನೆ, ಮೂರು ಇಳಿಜಾರು. ಸ್ಕ್ಯಾನ್ ಮಾಡಿದ ಹಳೆಯ ನಕ್ಷೆಯ ಮೇಲೆ ಗೋಡೆ ಎಳೆದಿದ್ದರೆ ಇದು ಇನ್ನೂ ಸಾಮಾನ್ಯ. ಸ್ಕ್ಯಾನ್ ಆದ ಹಾಳೆ ಕೂದಲೆಳೆಯಷ್ಟು ವಾಲಿರುತ್ತದೆ, ಗೋಡೆಯೂ ಅದರೊಂದಿಗೆ ವಾಲುತ್ತದೆ. ಹತ್ತು ಮೀಟರ್ ಉದ್ದದ ಗೋಡೆ 0.1 ಡಿಗ್ರಿ ತಿರುಗಿದರೆ ಅದರ ಕೊನೆ 17 ಮಿಲಿಮೀಟರ್ ಪಕ್ಕಕ್ಕೆ ಹೋಗುತ್ತದೆ. ಪರದೆಯ ಮೇಲೆ ಇದು ಕಾಣುವುದಿಲ್ಲ. ಅಳತೆ ತೋರಿಸುವಾಗ ತಂತ್ರಾಂಶ ಅಂಕಿಯನ್ನು ದುಂಡಾಗಿಸುವುದರಿಂದ 89.9 ಡಿಗ್ರಿಯ ಮೂಲೆಯೂ 90 ಎಂದೇ ಕಾಣಬಹುದು. ಆದ್ದರಿಂದ ಮೊದಲ ಕೆಲಸವಾಗಿ ಅಳತೆಯ ನಿಖರತೆಯನ್ನು ಮಿಲಿಮೀಟರಿನ ದಶಮಾಂಶಕ್ಕೂ ಕೋನವನ್ನು ಎರಡು ದಶಮಾಂಶ ಸ್ಥಾನಕ್ಕೂ ಏರಿಸಿ, ಹೊರಗೋಡೆಗಳನ್ನು ಒಂದು ಸುತ್ತು ಪರೀಕ್ಷಿಸಿ. ರೆವಿಟ್‌ನಲ್ಲಿ ಗೆರೆ ಅಕ್ಷದಿಂದ ತುಸು ವಾಲಿದೆ ಎಂಬ ಎಚ್ಚರಿಕೆ ಬರುತ್ತದೆ. ಅದನ್ನು ಓದದೆ ಮುಚ್ಚುವವರೇ ಹೆಚ್ಚು. ದಯವಿಟ್ಟು ಓದಿ.

ಇನ್ನು ಸೂರುಗಳು. ಈ ತೊಂದರೆಯ ಹಿಂದೆ ಶುದ್ಧ ಜ್ಯಾಮಿತಿಯಿದೆ, ಅದು ಅರ್ಥವಾಗದೆ ಯಾವ ತಂತ್ರಾಂಶವೂ ನಿಮಗೆ ನೆರವಾಗಲಾರದು.

ಮನೆಯ ದೊಡ್ಡ ಭಾಗ 8 ಮೀಟರ್ ಅಗಲ, ಚಿಕ್ಕ ಭಾಗ 5 ಮೀಟರ್ ಅಗಲ, ಎರಡಕ್ಕೂ 30 ಡಿಗ್ರಿಯ ಇಳಿಜಾರು ಎಂದು ಇಟ್ಟುಕೊಳ್ಳಿ. ದೊಡ್ಡ ಭಾಗದ ನೆತ್ತಿಯ ಗೆರೆ, ಅಂದರೆ ರಿಡ್ಜ್, ಗೋಡೆಯ ನೆತ್ತಿಯಿಂದ 2.31 ಮೀಟರ್ ಮೇಲೆ ಬರುತ್ತದೆ: ಅಗಲದ ಅರ್ಧವಾದ 4 ಮೀಟರನ್ನು 30 ಡಿಗ್ರಿಯ ಟ್ಯಾನ್ಜೆಂಟ್ ಆದ 0.577ರಿಂದ ಗುಣಿಸಿದ್ದು. ಚಿಕ್ಕ ಭಾಗದ ರಿಡ್ಜ್ 1.44 ಮೀಟರಿನಲ್ಲೇ ನಿಲ್ಲುತ್ತದೆ. ಇದು ಸಹಜ, ಚಿಕ್ಕ ಛಾವಣಿ ದೊಡ್ಡದರ ಇಳಿಜಾರಿಗೆ ಒರಗಿ ಮುಗಿಯುತ್ತದೆ, ನೋಡಲೂ ಚೆನ್ನಾಗಿರುತ್ತದೆ. ಆದರೆ ಎರಡು ರಿಡ್ಜ್‌ಗಳೂ ಒಂದೇ ಎತ್ತರಕ್ಕೆ ಬರಲಿ ಎಂಬ ಆಸೆ ಬಹಳ ಜನರಿಗಿದೆ, ಬಹುಶಃ ನಿಮಗೂ ಇತ್ತು. ಹಾಗೆ ಮಾಡಬೇಕಾದರೆ ಚಿಕ್ಕ ಭಾಗದ ಇಳಿಜಾರನ್ನು ಸುಮಾರು 43 ಡಿಗ್ರಿಗೆ ಏರಿಸಬೇಕು. ಏರಿಸಿದಿರಿ, ನೆತ್ತಿಗಳು ಕೂಡಿದವು, ಸೂರುಗಳು ಅಗಲಿದವು.

ಏಕೆಂದರೆ ಛಾವಣಿ ಗೋಡೆಯನ್ನು ದಾಟಿ ಹೊರಚಾಚಿದಾಗಲೂ ಅದೇ ಕೋನದಲ್ಲಿ ಕೆಳಗಿಳಿಯುತ್ತಲೇ ಇರುತ್ತದೆ. ಎರಡೂ ಕಡೆ 600 ಮಿಲಿಮೀಟರ್ ಚಾಚು ಕೊಟ್ಟಿದ್ದರೆ 30 ಡಿಗ್ರಿಯ ಸೂರು ಗೋಡೆಯ ನೆತ್ತಿಯಿಂದ 346 ಮಿಲಿಮೀಟರ್ ಇಳಿಯುತ್ತದೆ, 43 ಡಿಗ್ರಿಯದು ಸುಮಾರು 555. ವ್ಯತ್ಯಾಸ ಇನ್ನೂರಕ್ಕೂ ಹೆಚ್ಚು. ಅಷ್ಟೇ ಅಲ್ಲ, ಎರಡು ಇಳಿಜಾರುಗಳು ಕೂಡುವ ಗೆರೆಯೂ ಜಾಗ ಬಿಡುತ್ತದೆ. ಲಂಬ ಮೂಲೆಯಲ್ಲಿ ಎರಡೂ ಇಳಿಜಾರು ಸಮವಾಗಿದ್ದರೆ ನಕ್ಷೆಯಲ್ಲಿ ಆ ಗೆರೆ ಸರಿಯಾಗಿ 45 ಡಿಗ್ರಿಯಲ್ಲಿ ಓಡುತ್ತದೆ. ಸಮವಿಲ್ಲದಿದ್ದರೆ ಕಡಿದಾದ ಇಳಿಜಾರಿನ ಗೋಡೆಯ ಕಡೆಗೆ ವಾಲುತ್ತದೆ. ಗೋಡೆಯ ಮೂಲೆಯನ್ನು ಹಾಯ್ದು ಹೋದರೂ ಸೂರಿನ ಮೂಲೆಯನ್ನು ತಪ್ಪಿಸಿಕೊಳ್ಳುತ್ತದೆ. ನಿಮ್ಮ ಒಳಮೂಲೆಯ ವಿಚಿತ್ರ ಆಕಾರ ಇದೇ. ತಂತ್ರಾಂಶ ಅಲ್ಲಿ ತಪ್ಪು ಮಾಡಿಲ್ಲ. ನೀವು ಕೊಟ್ಟ ಅಂಕಿಗಳಿಂದ ಮರದಲ್ಲಿ ಕಟ್ಟಿದ್ದರೂ ಹಾಗೆಯೇ ಬರುತ್ತಿತ್ತು, ಅಲ್ಲಿ ಅದನ್ನು ಮೌಸ್‌ನಿಂದ ಎಳೆಯಲು ಆಗುತ್ತಿರಲಿಲ್ಲ ಅಷ್ಟೆ.

ದಾರಿ ಮೂರಿವೆ. ಕಡಿದಾದ ಕಡೆಯ ಚಾಚನ್ನು ಸುಮಾರು 375 ಮಿಲಿಮೀಟರಿಗೆ ಇಳಿಸಿದರೆ ಎರಡೂ ಸೂರುಗಳು ಒಂದೇ ಮಟ್ಟಕ್ಕೆ ಬರುತ್ತವೆ, ಕೂಡುಗೆರೆಯೂ ಮೂಲೆಗೆ ಸರಿಯಾಗಿ ತಲುಪುತ್ತದೆ. ಚಾಚು ಕಡಿಮೆಯಾಗುವುದು ಬೇಡವೆಂದರೆ ಆ ಕಡೆಯ ಛಾವಣಿ ಕೂರುವ ಮಟ್ಟವನ್ನು ಸುಮಾರು 208 ಮಿಲಿಮೀಟರ್ ಎತ್ತರಿಸಬೇಕು. ಆಗ ರಿಡ್ಜ್ ಕೂಡ ಅಷ್ಟೇ ಮೇಲೇರುತ್ತದೆ, ಅಂದರೆ ಎಲ್ಲಕ್ಕೂ ಕಾರಣವಾದ ಆಸೆಯೇ ಕೈಬಿಟ್ಟುಹೋಗುತ್ತದೆ. ಮೂರನೆಯದು, ಎರಡೂ ಕಡೆ 30 ಡಿಗ್ರಿಯನ್ನೇ ಇಟ್ಟು ರಿಡ್ಜ್‌ಗಳು ಬೇರೆಬೇರೆ ಎತ್ತರದಲ್ಲಿರಲು ಬಿಡುವುದು. ನನ್ನನ್ನು ಕೇಳಿದರೆ ಮೂರನೆಯದೇ ಸರಿ. ನೆತ್ತಿಯ ಗೆರೆಗಳು ಕೂಡಿವೆಯೇ ಎಂದು ನೆಲದ ಮೇಲೆ ನಿಂತವರು ಅಷ್ಟಾಗಿ ಗಮನಿಸುವುದಿಲ್ಲ. ಕಣ್ಣೆದುರಿನ ಸೂರು ಮುರಿದಿದ್ದರೆ ಎಲ್ಲರಿಗೂ ಕಾಣುತ್ತದೆ.

ಕೆಳಮಹಡಿಯ ಮೇಲಿನ ಪಟ್ಟಿಗೆ ಕಾರಣ ಗೋಡೆಯ ದಪ್ಪ. ಕೆಳಗಿನ ಗೋಡೆ 200 ಮಿಲಿಮೀಟರ್, ಮೇಲಿನದು 150 ಇದ್ದು, ಎರಡನ್ನೂ ಮಧ್ಯರೇಖೆಗೆ ಹೊಂದಿಸಿದ್ದರೆ ಹೊರಗೆ 25 ಮಿಲಿಮೀಟರ್ ಅಂಚು ಉಳಿಯುತ್ತದೆ. ಮೇಲೆ ಕೋಣೆಯಿಲ್ಲದ ಆ ಜಾಗಕ್ಕೆ ಛಾವಣಿ ಬೇಕೆಂದು ತಂತ್ರಾಂಶ ತಿಳಿಯುತ್ತದೆ, ಕೊಡುತ್ತದೆ. ಮಧ್ಯರೇಖೆಯ ಬದಲು ಭಾರ ಹೊರುವ ಪದರದ ಹೊರಮುಖಗಳನ್ನು ಒಂದೇ ಗೆರೆಗೆ ತನ್ನಿ. ಕೆಳಗಿನ ಗೋಡೆಗೆ ಹೊಂದಿಸುವ ಆಜ್ಞೆ ಇದಕ್ಕೆಂದೇ ಇದೆ. ಗೋಡೆಯ ಬಗೆ ಬದಲಿಸಿದಾಗಲೆಲ್ಲ ಇದನ್ನು ಮತ್ತೆ ನೋಡಬೇಕು. ಕಲ್ಲಿನ ಹೊದಿಕೆಯನ್ನು ಹೊರಪದರವಾಗಿ ಸೇರಿಸುವುದಕ್ಕೂ, ಇಡೀ ಗೋಡೆಯನ್ನು ದಪ್ಪ ಮಾಡುವುದಕ್ಕೂ ಛಾವಣಿಯ ಮಟ್ಟಿಗೆ ಬಹಳ ಅಂತರವಿದೆ.

ಕೇಳದಿದ್ದರೂ ಹೇಳಿಬಿಡುತ್ತೇನೆ, ಗೋಡೆ ಛಾವಣಿಯನ್ನು ತೂರಿ ಮೇಲೆ ಬಂದರೆ ಮೂರು ಆಯಾಮದ ಚಿತ್ರವನ್ನು ತಿರುಗಿಸುತ್ತ ಕೂರಬೇಡಿ. ಆ ಜಾಗದಲ್ಲಿ ಒಂದು ಸೆಕ್ಷನ್, ಅಂದರೆ ಮನೆಯನ್ನು ಮೇಲಿಂದ ಕೆಳಗೆ ಸೀಳಿದಂತೆ ತೋರಿಸುವ ನೋಟ, ಕಡಿಯಿರಿ. ನೆಲದ ಮಟ್ಟ, ಕೋಣೆಯ ಸೀಲಿಂಗ್, ಗೋಡೆಯ ನೆತ್ತಿ, ಛಾವಣಿಯ ಕೆಳಮುಖ ನಾಲ್ಕೂ ಒಟ್ಟಿಗೆ ಕಾಣುತ್ತವೆ. ಎಷ್ಟೋ ಸಲ ಪಕ್ಕದ ಕೋಣೆಯೊಂದರ ಸೀಲಿಂಗ್ ಎತ್ತರ ಮಾತ್ರ ಬೇರೆಯಾಗಿರುತ್ತದೆ. ರೆವಿಟ್‌ನಲ್ಲಾದರೆ ಗೋಡೆಯ ನೆತ್ತಿಯನ್ನು ಛಾವಣಿಗೆ ಅಂಟಿಸುವುದು ಮರೆತಿರುತ್ತದೆ.

ನಿಮ್ಮ ಮಾದರಿಯನ್ನು ಈಗ ಹೀಗೆ ತಿದ್ದಿ. ಕಡತದ ಪ್ರತಿ ಮಾಡಿಕೊಂಡು ಪ್ರತಿಯಲ್ಲೇ ಕೆಲಸ ಮಾಡಿ. ಛಾವಣಿಯನ್ನು ಪೂರ್ತಿ ಅಳಿಸಿ, ಹೊರಗೋಡೆಗಳನ್ನು ನೇರಗೊಳಿಸಿ, ಎರಡು ಮಹಡಿಗಳನ್ನು ಹೊಂದಿಸಿ. ನಂತರ ಎಲ್ಲ ಗೋಡೆಗಳಿಗೂ ಒಂದೇ ಇಳಿಜಾರು, ಒಂದೇ ಚಾಚು ಕೊಟ್ಟು, ಗೇಬಲ್ ಒಂದನ್ನೂ ಇಡದೆ, ನಾಲ್ಕೂ ಕಡೆ ಇಳಿಯುವ ಸಾದಾ ಛಾವಣಿ ಮೂಡಿಸಿ. ಇದು ಅಂದವಾಗಿರಬೇಕಾಗಿಲ್ಲ, ಇದು ಪರೀಕ್ಷೆ. ಇಲ್ಲಿಯೂ ಎಲ್ಲಾದರೂ ಚೂರು ಕಂಡರೆ ಅದರ ಕೆಳಗಿನ ಗೋಡೆಯಲ್ಲಿ ತಪ್ಪು ಉಳಿದಿದೆ ಎಂದರ್ಥ. ಅದು ಯಾವುದೆಂದು ಗೊತ್ತಾಗದಿದ್ದರೆ ಪ್ರತಿಯಲ್ಲಿ ಮನೆಯ ಅರ್ಧವನ್ನು ಅಳಿಸಿ ಬಿಟ್ಟ ಜಾಗವನ್ನು ಒಂದು ನೇರ ಗೋಡೆಯಿಂದ ಮುಚ್ಚಿ ನೋಡಿ. ತೊಂದರೆ ಉಳಿದ ಅರ್ಧವನ್ನು ಮತ್ತೆ ಅರ್ಧ ಮಾಡಿ. ನಾಲ್ಕೈದು ಸುತ್ತಿನಲ್ಲಿ ತಪ್ಪಿತಸ್ಥ ಗೋಡೆ ಒಂಟಿಯಾಗಿ ಸಿಗುತ್ತದೆ. ಸಾದಾ ಛಾವಣಿ ಶುದ್ಧವಾಗಿ ಬಂದ ಮೇಲೆ ಗೇಬಲ್‌ಗಳನ್ನು ಒಂದೊಂದಾಗಿ ಸೇರಿಸಿ, ಪ್ರತಿ ಸಲವೂ ಛಾವಣಿಯನ್ನು ಮರುಮೂಡಿಸಿ ನೋಡಿ.

ಕೈಯಿಂದ ಎಳೆಯಲೇಬೇಕಾದ ಸಂದರ್ಭಗಳೂ ಇವೆ: ಇಳಿಜಾರಿನಿಂದ ಹೊರಚಾಚುವ ಕಿಟಕಿಮಾಡ, ವಕ್ರ ಗೋಡೆ, ಒಂದೇ ಗೋಡೆಯ ಮೇಲೆ ಎರಡು ಮಟ್ಟ. ಅವನ್ನು ಕೊನೆಗೆ ಇಟ್ಟುಕೊಳ್ಳಿ. ಆ ಹಂತಕ್ಕೆ ಬಂದಾಗ ಛಾವಣಿ ತಾನಾಗಿ ಮರುಮೂಡುವ ಆಯ್ಕೆಯನ್ನು ಮೊದಲು ಆಫ್ ಮಾಡಿ, ಆಮೇಲೆ ಅಂಚಿಗೆ ಕೈ ಹಾಕಿ.